ಏನೂ ಆಗದ ದಿನದ ಪಾಪ

ಆಯುಧಪೂಜೆಯ ಮಾರನೆಯ ದಿನ ಕೆಲಸಕ್ಕೆ ಬರುವ ಫೋರ್ಕ್‌ಲಿಫ್ಟ್ ಹುಡುಗರಿಗೆ ನಾನು ಹೇಳುವ ಮೊದಲ ಮಾತು: ಕೀಲಿ ತಿರುಗಿಸುವ ಮುಂಚೆ ಕುಂಕುಮ ಒರೆಸಿ. ಹೊಸದಾಗಿ ಸೇರಿದವರಿಗೆ ಇದು ಅಪಚಾರದ ಮಾತಿನಂತೆ ಕೇಳುತ್ತದೆ. ಆದರೆ ಗಾಡಿಯ ಮೈಮೇಲೆ ಗಂಧ ಕುಂಕುಮ ಹಚ್ಚಲು ಚಪ್ಪಟೆಯಾಗಿ, ಎದುರಿಗೇ ಸಿಗುವ ಜಾಗವೆಂದರೆ ಸೀಟಿನ ಮುಂದಿನ ತಗಡಿನ ಪಟ್ಟಿ. ಈ ಗಾಡಿ ಎಷ್ಟು ತೂಕವನ್ನು ಎಷ್ಟು ಎತ್ತರಕ್ಕೆ ಎತ್ತಬಲ್ಲದು ಎಂದು ಕೊರೆದಿರುವುದು ಅದರಲ್ಲೇ. ಭಾರದ ಮಧ್ಯಬಿಂದು ಫೋರ್ಕಿನ ಬುಡದಿಂದ 500 ಮಿಲಿಮೀಟರಿನಲ್ಲಿದ್ದರೆ ಇಷ್ಟು ಕಿಲೋ, ಅದಕ್ಕಿಂತ ಮುಂದಕ್ಕೆ ಸರಿದಷ್ಟೂ ಕಡಿಮೆ. ಆ ಲೆಕ್ಕದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮಾಸ್ಟಿನ ಚೈನಿಗೆ ಚೆಂಡುಹೂವಿನ ಹಾರ. ಫೋರ್ಕ್ ಮೇಲೇರಿದಾಗ ಹಾರದ ದಾರ ಚೈನಿನ ಸಂದಿಗೆ ಹೋಗುತ್ತದೆ. ಬಾಗಿಲೊಳಗೇ ಒಡೆದ ಬೂದುಗುಂಬಳದ ತಿರುಳು ನೆಲಕ್ಕೆ ಅಂಟಿರುತ್ತದೆ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರಗಳಿಂದ. ಮೂರು ಟನ್ ಎತ್ತುವ ಗಾಡಿ ತಾನೇ ನಾಲ್ಕು ಟನ್ನಿಗೆ ಮಿಕ್ಕಿ ತೂಗುತ್ತದೆ. ಅಷ್ಟು ತೂಕ ತಿರುಳಿನ ಮೇಲೆ ಹಿಂಬದಿಯಿಂದ ಜಾರಿತೆಂದರೆ ಸ್ಟಿಯರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಾನು ನಾಸ್ತಿಕನಲ್ಲ. ಪೂಜೆ ಮಾಡಬೇಡಿ ಎಂದು ಯಾರಿಗೂ ಹೇಳಿದವನಲ್ಲ. ಕುಂಬಳಕಾಯಿಯನ್ನು ಗೇಟಿನಾಚೆ, ಮಣ್ಣಿನ ಮೇಲೆ ಒಡೆಯಿರಿ ಎನ್ನುತ್ತೇನೆ, ಅಷ್ಟೆ.

ನಮ್ಮದು ಚೇರಂಬಾಡಿ. ನೀಲಗಿರಿ ಜಿಲ್ಲೆಯ ಪಶ್ಚಿಮದ ಮೂಲೆ, ಪಂದಲೂರು ತಾಲೂಕು; ಇತ್ತ ಗೂಡಲೂರು, ಅತ್ತ ಗಡಿ ದಾಟಿದರೆ ವಯನಾಡಿನ ಸುಲ್ತಾನ್ ಬತ್ತೇರಿ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಎಸ್ಟೇಟಿನ ಲಾರಿ ಓಡಿಸಿದವರು. ಹಾಗಾಗಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅಂಗಡಿಯಲ್ಲಿ ಮಲಯಾಳ. ಪಕ್ಕದ ಲೈನುಮನೆಗಳಲ್ಲಿ ಇದ್ದವರು ಸಿಲೋನಿನಿಂದ ಬಂದವರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದ ಅವರನ್ನು ಹಡಗು ಹತ್ತಿಸಿ ಇಲ್ಲಿಗೆ ಕಳಿಸಿತು, ಅವರಿಗಾಗಿ ಸರ್ಕಾರ ಕಾಡು ಕಡಿದು ಚಹಾ ನೆಟ್ಟಿತು. ಆಮೇಲೆ ಅದು ಟ್ಯಾಂಟೀ ನಿಗಮವಾಯಿತು. ನಾನು ಮಾತ್ರ ಘಟ್ಟ ಇಳಿದು ಬೆಂಗಳೂರು ಪಕ್ಕದ ನೆಲಮಂಗಲಕ್ಕೆ ಹೋದೆ. ಗೋದಾಮಿನಲ್ಲಿ ಹೆಲ್ಪರ್, ಆಮೇಲೆ ಆಪರೇಟರ್, ಕೊನೆಗೆ ಇಪ್ಪತ್ತಕ್ಕೂ ಹೆಚ್ಚು ಗಾಡಿಗಳ ಉಸ್ತುವಾರಿ. ಈಗ ಊರಿಗೆ ಮರಳಿದ್ದೇನೆ. ಸುತ್ತಲಿನ ಚಹಾ ಕಾರ್ಖಾನೆಗಳಲ್ಲಿ ಮೊದಲು ಮೂಟೆ ಹೆಗಲ ಮೇಲೆ ಹೋಗುತ್ತಿತ್ತು, ಆಮೇಲೆ ಕೈಯಲ್ಲಿ ಎಳೆಯುವ ಪ್ಯಾಲೆಟ್ ಗಾಡಿ ಬಂತು, ಈಗ ಅಲ್ಲೊಂದು ಇಲ್ಲೊಂದು ಫೋರ್ಕ್‌ಲಿಫ್ಟ್ ಬರುತ್ತಿದೆ. ಹುಡುಗರಿಗೆ ಕಲಿಸಲು ಕರೆಯುತ್ತಾರೆ, ಹೋಗುತ್ತೇನೆ.

ಇಷ್ಟು ವರ್ಷ ಈ ಗಾಡಿಗಳ ಜೊತೆ ಬಾಳಿದ ಮೇಲೆ ನನ್ನಲ್ಲಿ ಉಳಿದಿರುವ ಪ್ರಶ್ನೆ ಯಂತ್ರದ್ದಲ್ಲ, ಪಾಪದ್ದು. ಯಾರಿಗೂ ಗಾಯವಾಗದೆ ಶಿಫ್ಟ್ ಮುಗಿದ ದಿನ ಯಾರಾದರೂ ಪಾಪ ಮಾಡಿರಬಹುದೇ?

ಇದು ಹುಟ್ಟಿದ್ದು ಒಂದು ಅಪಘಾತದಿಂದ. ನೆಲಮಂಗಲದ ಕಡೆಯ ಒಂದು ಗೋದಾಮು, ಹೆಸರು ಬೇಡ. ನಾನು ಇದ್ದದ್ದು ಬೇರೆ ಕಂಪನಿಯಲ್ಲಿ. ಹೊರಗಿನವನೊಬ್ಬ ಇರಲಿ ಎಂದು ವಿಚಾರಣೆಗೆ ಕರೆಸಿದ್ದರು. ಹಿಂದಕ್ಕೆ ಬರುತ್ತಿದ್ದ ಗಾಡಿಯ ಹಿಂಬದಿಗೂ ರ‍್ಯಾಕಿನ ಕಂಬಕ್ಕೂ ನಡುವೆ ಹೆಲ್ಪರ್ ಹುಡುಗನೊಬ್ಬನ ಕಾಲು ಸಿಕ್ಕಿತು. ಫೋರ್ಕ್‌ಲಿಫ್ಟಿನ ಹಿಂಬದಿ ಎಂದರೆ ಎರಕ ಹೊಯ್ದ ಕಬ್ಬಿಣದ ಗಟ್ಟಿ; ಮುಂದೆ ಎತ್ತುವ ಭಾರಕ್ಕೆ ಸಮತೂಕವಾಗಿ ಇಟ್ಟಿರುವುದು. ಅದು ತಾಗಿದರೆ ತಗ್ಗುವುದಿಲ್ಲ, ಬಗ್ಗುವುದಿಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಹುಡುಗ ಉಳಿದ.

ಆಡಳಿತದವರ ವರದಿ ಆಗಲೇ ಸಿದ್ಧವಾಗಿತ್ತು. ಕಾರಣ ಎಂಬ ಕಾಲಂನಲ್ಲಿ ಎರಡೇ ಮಾತು: ಆಪರೇಟರ್ ಅಜಾಗರೂಕತೆ. ಆ ಆಪರೇಟರನ್ನು ಕೇಳಿದರೆ, "ನನ್ನ ಕರ್ಮ ಸಾರ್" ಎಂದ. ಹುಡುಗನ ತಂದೆ ಕಲಬುರಗಿ ಕಡೆಯಿಂದ ರಾತ್ರಿ ಬಸ್ಸು ಹಿಡಿದು ಬಂದಿದ್ದರು. ಅವರೂ ಗೋಡೆಗೆ ಒರಗಿ ಕೂತು, "ಅವನ ಹಣ್ಯಾಗ ಬರದಿತ್ತು ಬಿಡ್ರಿ" ಎಂದರು. ವಾರದಲ್ಲಿ ಗೋದಾಮಿನೊಳಗೆ ಒಂದು ಹೋಮವೂ ಆಯಿತು. ಬರೆದವನು, ಅತ್ತವನು, ಹೋಮ ಮಾಡಿಸಿದವನು ಎಲ್ಲರೂ ಬೇರೆ ಬೇರೆ ಮಾತಿನಲ್ಲಿ ಒಂದನ್ನೇ ಹೇಳುತ್ತಿದ್ದರು: ಇನ್ನು ಕೇಳಬೇಡಿ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ ಯಾವುದೇ ಕೆಲಸ ಆಗಿಬರಲು ಐದು ಕಾರಣ ಎಣಿಸುತ್ತಾನೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದು ದೈವ. ಅಪ್ಪ ಶನಿವಾರ ಸಂಜೆ ಗೀತೆ ಓದುತ್ತಿದ್ದರು, ಅಲ್ಲಿಂದ ಕಿವಿಗೆ ಬಿದ್ದದ್ದು. ವಿಚಾರಣೆಯ ದಿನ ಆ ಗೋದಾಮಿನ ನೆಲದ ಮೇಲೆ ನಿಂತಾಗ ಅದು ತಾನಾಗಿ ನೆನಪಿಗೆ ಬಂತು. ಅಧಿಷ್ಠಾನ ಎಂದರೆ ಶರೀರ ಎನ್ನುತ್ತಾರೆ ಭಾಷ್ಯಕಾರರು. ನಾನು ಅದನ್ನು ನಿಂತ ನೆಲ ಎಂದೇ ತೆಗೆದುಕೊಂಡೆ, ಪಂಡಿತರು ಕ್ಷಮಿಸಲಿ. ಆ ನೆಲದಲ್ಲಿ ಜನ ನಡೆಯುವ ದಾರಿಗೆ ಹಳದಿ ಗೆರೆ ಎಳೆದಿದ್ದರು. ಗೆರೆಯೊಳಗೆ ಖಾಲಿ ಪ್ಯಾಲೆಟ್ ಪೇರಿಸಿದ್ದರು. ನಡೆಯುವವನು ಗಾಡಿಯ ದಾರಿಯಲ್ಲೇ ನಡೆಯಬೇಕು. ಇನ್ನು ಕರ್ತೃ. ಅವನು ಹಿಂದಿನ ಶಿಫ್ಟಿನವನು. ಬಿಡಿಸಿಕೊಳ್ಳಬೇಕಾದವನು ಬಂದಿರಲಿಲ್ಲ, ಓಟಿ ಕೊಡುತ್ತೇವೆ ಎಂದು ನಿಲ್ಲಿಸಿಕೊಂಡಿದ್ದರು. ಕರಣ ಎಂದರೆ ಗಾಡಿ. ರಿವರ್ಸ್ ಹಾಕಿದರೆ ಕೂಗಬೇಕಾದ ಬಜರಿನ ವೈರು ಕಿತ್ತಿತ್ತು. ಯಾಕೆ ಎಂದು ಮೆಕ್ಯಾನಿಕ್ಕನ್ನು ಕೇಳಿದೆ. ಅವನು ಮೇಲಿನ ಗಾಜಿನ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದ. ಆಫೀಸಿನವರಿಗೆ ಇಡೀ ದಿನ ಕೀಂಕೀಂ ಕೇಳಿ ತಲೆನೋವಂತೆ. ಚೇಷ್ಟೆ ಎಂದರೆ ಸುತ್ತ ನಡೆಯುತ್ತಿದ್ದ ನಾನಾ ಓಡಾಟ: ತಡವಾಗಿ ಬಂದ ಲಾರಿ, ಡಾಕಿನಲ್ಲಿ ಕೂಗುತ್ತಿದ್ದ ಸೂಪರ್‌ವೈಸರ್, ಗಂಟೆಗೆ ಇಷ್ಟು ಪ್ಯಾಲೆಟ್ ಎಂಬ ಬೋರ್ಡು. ಇಷ್ಟೂ ಆದ ಮೇಲೆ ಉಳಿದದ್ದೇನು? ಪ್ಯಾಲೆಟ್ಟಿಗೆ ಸುತ್ತುವ ಪ್ಲಾಸ್ಟಿಕ್ಕಿನ ಸುರುಳಿ ಕೈತಪ್ಪಿ ಉರುಳಿತು, ಹುಡುಗ ಅದನ್ನು ಹಿಡಿಯಲು ಆ ಗಳಿಗೆಗೆ ಬಗ್ಗಿದ. ದೈವಕ್ಕೆ ಸೇರಬೇಕಾದದ್ದು ಅಷ್ಟು ಮಾತ್ರ, ಆ ಉರುಳಿದ ಸುರುಳಿ.

ಐದನೆಯದನ್ನು ನಾನು ಅಲ್ಲಗಳೆಯುವುದಿಲ್ಲ. ಗೋದಾಮಿನಲ್ಲಿ ಕೆಲಸ ಮಾಡಿದವನಿಗೆ ಅದು ಗೊತ್ತು. ಆದರೆ ಕೃಷ್ಣ ಅದನ್ನು ಕೊನೆಗೆ ಇಟ್ಟಿದ್ದಾನೆ. ಮೊದಲ ನಾಲ್ಕನ್ನು ಎಣಿಸದವನಿಗೆ ಐದನೆಯದರ ಮಾತೆತ್ತುವ ಹಕ್ಕಿಲ್ಲ. ಇನ್ನೂ ಒಂದು ಇದೆ. ಈ ಪಟ್ಟಿ ಮುಗಿದ ಕೂಡಲೇ ಅವನು ಹೇಳುವುದು, ಇಷ್ಟು ಕಾರಣಗಳಿರುವಾಗ ಒಬ್ಬನನ್ನೇ ಕರ್ತೃ ಎಂದು ಕಾಣುವವನು ಸರಿಯಾಗಿ ಕಾಣುತ್ತಿಲ್ಲ ಎಂದು. ಅಲ್ಲಿ ಮಾತು ಆತ್ಮದ್ದು, ನನಗೆ ತಿಳಿದಿದೆ. ಆದರೂ ವರದಿಯ ಆ ಎರಡು ಮಾತು ಬರೆದವರಿಗೆ ಅದನ್ನು ಓದಿ ಹೇಳಬೇಕು ಎನಿಸಿತು.

ನಮ್ಮೂರಿನವರಿಗೆ ಈ ನಾಲ್ಕು ಕಾರಣ ಎಣಿಸುವುದು ಬರುವುದಿಲ್ಲ ಎಂದೇನಲ್ಲ. 2020ರ ಡಿಸೆಂಬರಿನಲ್ಲಿ ಚೇರಂಬಾಡಿ, ಕೊಳಪ್ಪಳ್ಳಿ ಕಡೆ ಒಂದೇ ಸಲಗ ಕೆಲವೇ ದಿನಗಳಲ್ಲಿ ಮೂವರನ್ನು ಕೊಂದಿತು. ಅದರಲ್ಲಿ ತಂದೆ ಮಗ ಇಬ್ಬರು. ಶಂಕರ್ ಎಂದು ಕರೆಯುತ್ತಿದ್ದ ಆನೆ. ಆಗ ಯಾರೂ ಹಣೆಬರಹ ಎಂದು ಸುಮ್ಮನಾಗಲಿಲ್ಲ. ಜನ ರಸ್ತೆಗೆ ಇಳಿದರು, ಆನೆ ಹಿಡಿಯಿರಿ ಎಂದು ಪಟ್ಟು ಹಿಡಿದರು. ಆನೆ ಗಡಿ ದಾಟಿ ಕೇರಳಕ್ಕೆ ಹೋಗಿ ಬಂದು, 2021ರ ಫೆಬ್ರವರಿಯಲ್ಲಿ ಸಿಕ್ಕಿತು. ಕಾಡಿನ ಪ್ರಾಣಿಯ ವಿಷಯದಲ್ಲಿ, ಅದು ನಿಜವಾಗಿಯೂ ಯಾರ ಕೈಯಲ್ಲೂ ಇಲ್ಲದ್ದು, ನಾವು ಲೆಕ್ಕ ಕೇಳುತ್ತೇವೆ. ನಟ್ಟು ಬೋಲ್ಟು ಹಾಕಿ ಮನುಷ್ಯನೇ ಕಟ್ಟಿದ ಯಂತ್ರದ ವಿಷಯದಲ್ಲಿ ವಿಧಿ ಎನ್ನುತ್ತೇವೆ. ಇದು ತಲೆಕೆಳಗು.

ಆನೆಯ ಮಾತು ಬಂತು, ಹೇಳಿಬಿಡುತ್ತೇನೆ. ಈ ಕಾಡುಗಳಲ್ಲಿ ಮರದ ದಿಮ್ಮಿ ಎತ್ತಿ ಜೋಡಿಸುತ್ತಿದ್ದದ್ದು ಆನೆಗಳೇ. ಇಲ್ಲಿಂದ ಗೂಡಲೂರು ದಾಟಿ ಹೋದರೆ ಸಿಗುವ ತೆಪ್ಪಕಾಡು ಶಿಬಿರದಲ್ಲಿ ಈಗಲೂ ಆನೆಗೊಬ್ಬ ಮಾವುತ, ಅವನ ಕೈಕೆಳಗೆ ಕಾವಡಿ. ತೂಕ ಹಾಕಿ ಮುದ್ದೆ ಕಟ್ಟಿ ಉಣ್ಣಿಸುತ್ತಾರೆ, ಡಾಕ್ಟರು ಬಂದು ಕಾಲು ನೋಡುತ್ತಾರೆ. ವಯಸ್ಸಾದ ಮೇಲೆ ಆನೆಗೂ ನಿವೃತ್ತಿ ಇದೆ. ಎತ್ತುವ ಜೀವಕ್ಕೆ ದಣಿವಾಗುತ್ತದೆ ಎಂಬುದು ಅರಣ್ಯ ಇಲಾಖೆಯ ಕಾಗದದಲ್ಲಿ ಇದೆ. ಗುತ್ತಿಗೆಯ ಆಪರೇಟರ್‌ನ ಕಾಗದದಲ್ಲಿ ಇಲ್ಲ.

ಊರಿಗೆ ಮರಳಿದ ಮೇಲೆ ಈ ಕಥೆಯನ್ನು ಬತ್ತೇರಿಯ ಮೇಷ್ಟ್ರಿಗೆ ಹೇಳಿದೆ. ಅವರು ನಿವೃತ್ತ ಶಾಲಾಮಾಸ್ತರರು, ವಯನಾಡಿನ ಜೈನರು. ಕರ್ನಾಟಕದಿಂದ ಹಿಂದೆಂದೋ ಬಂದು ನೆಲೆಸಿದ ಗೌಡ ಮನೆತನಗಳು ಅಲ್ಲಿ ಇವೆ. ಕಲ್ಪೆಟ್ಟದ ಪದ್ಮಪ್ರಭಾ ಗೌಡರ್, ಅವರ ಮಗ ಮಾತೃಭೂಮಿಯ ವೀರೇಂದ್ರಕುಮಾರ್ ಆ ಸಮುದಾಯದವರೇ. ಮೇಷ್ಟ್ರ ಮನೆಯಲ್ಲಿ ಇನ್ನೂ ಕನ್ನಡ ಇದೆ, ನನ್ನ ಸ್ನೇಹಕ್ಕೆ ಅದೇ ಕಾರಣ. ನಾವು ಕೂರುವುದು ಬತ್ತೇರಿಯ ಹಳೆಯ ಬಸದಿಯ ಹತ್ತಿರ. ಆ ಕಲ್ಲಿನ ಬಸದಿಯನ್ನು ಟಿಪ್ಪು ಮದ್ದುಗುಂಡಿನ ಗೋದಾಮು ಮಾಡಿಕೊಂಡಿದ್ದ, ಊರಿನ ಹೆಸರಿನಲ್ಲಿರುವ ಬತ್ತೇರಿ ಅದರದ್ದೇ. ಈಗ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ.

ಮೇಷ್ಟ್ರು ಎಲ್ಲ ಕೇಳಿ, "ಅಲ್ಲಪ್ಪಾ, ಕಾಲು ಹೋದ ದಿನ ಪಾಪ ಆಯ್ತು ಅಂತೀಯಲ್ಲ, ಅದರ ಹಿಂದಿನ ದಿನ?" ಎಂದರು.

"ಹಿಂದಿನ ದಿನ ಏನೂ ಆಗಲಿಲ್ಲ ಮೇಷ್ಟ್ರೇ."

"ವೈರು ಕಿತ್ತಿತ್ತಲ್ಲ?"

ಅವರು ಹೇಳಿದ್ದು ಇದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಹಿಂಸೆ ಎಂದರೇನೆಂದು ಹೇಳುವಾಗ ಪ್ರಾಣ ತೆಗೆಯುವುದು ಎಂದಷ್ಟೇ ಹೇಳಿ ಬಿಡುವುದಿಲ್ಲ. ಪ್ರಮಾದ ಮೊದಲು ಬರುತ್ತದೆ. ಮೈಮರೆತು ನಡೆದುಕೊಳ್ಳುವುದು, ಅದರಿಂದಾಗಿ ಪ್ರಾಣಕ್ಕೆ ಹಾನಿ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಕಡ್ಡಿ ಮುರಿದ ಹಾಗೆ ಹೇಳುತ್ತಾರೆ: ಜೀವಿ ಸಾಯಲಿ, ಬದುಕಿ ಉಳಿಯಲಿ, ಎಚ್ಚರವಿಲ್ಲದೆ ನಡೆದುಕೊಂಡವನಿಗೆ ಹಿಂಸೆ ತಾಗಿಯೇ ತಾಗುತ್ತದೆ. ಅಂದರೆ ಬಜರಿನ ವೈರು ಕಿತ್ತ ದಿನವೇ ಆ ಗೋದಾಮಿನಲ್ಲಿ ಹಿಂಸೆ ಆಯಿತು. ಆಮೇಲೆ ದಿನವೂ ಆಗುತ್ತಲೇ ಇತ್ತು. ಹುಡುಗನ ಕಾಲು ಅದರ ರಶೀದಿ ಬಂದ ದಿನ, ಅಷ್ಟೆ.

ಇದು ನನ್ನ ಕಸುಬಿನವರಿಗೆ ಹೊಸದಲ್ಲ. ಸ್ವಲ್ಪದರಲ್ಲಿ ತಪ್ಪಿತು ಎನ್ನುವ ಘಟನೆಗಳನ್ನು ಬರೆದಿಡಿ ಎಂದು ಸೇಫ್ಟಿಯವರು ಬಾಯಿ ನೋಯಿಸಿಕೊಳ್ಳುತ್ತಾರೆ. ಆದರೆ ಅವರು ಕೊಡುವ ಕಾರಣ ಲೆಕ್ಕಾಚಾರದ್ದು: ಇಷ್ಟು ತಪ್ಪಿದರೆ ಮುಂದೊಂದು ತಪ್ಪದೆ ಆಗುತ್ತದೆ, ಕಂಪನಿಗೆ ನಷ್ಟ. ಜೈನರದ್ದು ಬೇರೆ. ಮುಂದೆ ಎಂದಿಗೂ ಏನೂ ಆಗದಿದ್ದರೂ, ಆ ಕಿತ್ತ ವೈರಿನ ಗಾಡಿಗೆ ಒಬ್ಬನನ್ನು ಕೂರಿಸಿದ್ದು ಆಗಲೇ ಆಗಿಹೋದ ಅಪರಾಧ. ಎರಡರಲ್ಲಿ ನನಗೆ ಎರಡನೆಯದೇ ಹೆಚ್ಚು ನಿಜ ಎನಿಸುತ್ತದೆ. ಲೆಕ್ಕಾಚಾರದವನಿಗೆ ಬಜರ್ ರಿಪೇರಿಗಿಂತ ಪರಿಹಾರ ಕೊಡುವುದೇ ಅಗ್ಗ ಎಂದು ಕಂಡ ದಿನ ಅವನ ಬಳಿ ಉತ್ತರವಿಲ್ಲ.

ಮೇಷ್ಟ್ರು ಮುನಿಗಳ ಸಮಿತಿಗಳನ್ನೂ, ಅಂದರೆ ಎಚ್ಚರದ ನಿಯಮಗಳನ್ನೂ, ವಿವರಿಸಿದರು. ಐದು ಇವೆ, ಎರಡನ್ನು ಕೇಳಿ ನಾನು ಬೆರಗಾದೆ. ಈರ್ಯಾಸಮಿತಿ: ನಡೆಯುವಾಗ ಒಂದು ನೊಗದುದ್ದ, ಸುಮಾರು ನಾಲ್ಕು ಮೊಳ, ಮುಂದಿನ ನೆಲ ನೋಡಿಕೊಂಡು ಹೆಜ್ಜೆ ಇಡಬೇಕು. ಆದಾನ–ನಿಕ್ಷೇಪಣ ಸಮಿತಿ: ಏನನ್ನಾದರೂ ಎತ್ತುವ ಮುಂಚೆ ನೋಡಬೇಕು, ಇಳಿಸುವ ಮುಂಚೆ ಇಳಿಸುವ ಜಾಗ ನೋಡಬೇಕು, ಒರೆಸಬೇಕು. ದಿಗಂಬರ ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದು ಅದಕ್ಕೇ. ಕಮಂಡಲು ಇಡುವ ಜಾಗವನ್ನೂ ಮೊದಲು ಸವರಿ ಆಮೇಲೆ ಇಡುತ್ತಾರೆ. ಎತ್ತುವುದು, ಇಳಿಸುವುದು, ಫೋರ್ಕ್‌ಲಿಫ್ಟ್ ಬೇರೇನು ಮಾಡುತ್ತದೆ? ಭಾರ ಎತ್ತಿದ ಗಾಡಿ ನಡೆಯುವಾಗ ಫೋರ್ಕ್ ನೆಲದಿಂದ ಗೇಣಿಗಿಂತ ಮೇಲಿರಬಾರದು, ಮುಂದೆ ಮೂಟೆ ಅಡ್ಡವಾಗಿ ದಾರಿ ಕಾಣದಿದ್ದರೆ ತಿರುಗಿ ನೋಡಿಕೊಂಡು ಹಿಮ್ಮುಖವಾಗಿ ಹೋಗಬೇಕು, ಇಳಿಜಾರು ಇಳಿಯುವಾಗ ಭಾರ ಯಾವತ್ತೂ ಏರಿನ ಕಡೆಗಿರಬೇಕು. ನಮ್ಮ ಚಹಾ ಕಾರ್ಖಾನೆಗಳಲ್ಲಿ ಈ ಕೊನೆಯದಕ್ಕೆ ಬೆಲೆ ಹೆಚ್ಚು. ಗುಡ್ಡಕ್ಕೆ ಕಟ್ಟಿದ ಕಟ್ಟಡಗಳು. ಮೂಟೆ ಕಟ್ಟುವ ಕೋಣೆಯಿಂದ ಲಾರಿ ನಿಲ್ಲುವಲ್ಲಿಗೆ ಇಳಿಜಾರು, ಅದರ ಮೇಲೆ ವರ್ಷದಲ್ಲಿ ಅರ್ಧ ಕಾಲ ಮಳೆಯ ಪಾಚಿ.

ಇದೆಲ್ಲ ಓದಿ ಬರುವುದಲ್ಲ, ಮೈಗೆ ಹತ್ತಬೇಕು. ಯಾಕೆಂದರೆ ಮೈ ತಾನಾಗಿ ಮಾಡುವುದು ತಪ್ಪು. ಎರಡು ಮುಂದಿನ ಚಕ್ರ, ಹಿಂದಿನ ಅಚ್ಚಿನ ನಡುಬಿಂದು; ಈ ಮೂರು ಸೇರಿದ ತ್ರಿಕೋನದೊಳಗೆ ಗಾಡಿಯ ತೂಕ ನಿಂತಿರುವವರೆಗೆ ಅದು ನಿಂತಿರುತ್ತದೆ. ಎತ್ತಿದ ಭಾರದೊಂದಿಗೆ ವೇಗವಾಗಿ ತಿರುಗಿಸಿದರೆ ತೂಕ ಆ ಗೆರೆ ದಾಟುತ್ತದೆ, ಗಾಡಿ ಮಗ್ಗುಲಿಗೆ ಬೀಳುತ್ತದೆ. ಬೀಳುವಾಗ ಆಪರೇಟರ್ ಏನು ಮಾಡುತ್ತಾನೆ? ಹಾರುತ್ತಾನೆ. ಯಾರಾದರೂ ಹಾರುತ್ತಾರೆ. ಹಾರಿದವನ ಮೇಲೇ ತಲೆ ಕಾಯಲು ಇಟ್ಟಿರುವ ಕಬ್ಬಿಣದ ಚಾವಣಿ ಬಂದು ಬೀಳುತ್ತದೆ. ಬೆಲ್ಟು ಹಾಕಿ, ಸ್ಟಿಯರಿಂಗ್ ಬಿಗಿಹಿಡಿದು, ಕಾಲೂರಿ, ಬೀಳುವುದಕ್ಕೆ ವಿರುದ್ಧ ದಿಕ್ಕಿಗೆ ವಾಲಿ ಒಳಗೇ ಕೂರಬೇಕು. ಅಮೆರಿಕದ ನಯೋಶ್ ಸಂಸ್ಥೆ 1980ರಿಂದ 1994ರವರೆಗೆ ಫೋರ್ಕ್‌ಲಿಫ್ಟಿನಿಂದ ಸತ್ತ 1,021 ಕಾರ್ಮಿಕರ ಲೆಕ್ಕ ತೆಗೆದಾಗ ನೂರಕ್ಕೆ 22 ಸಾವು ಗಾಡಿ ಮಗುಚಿದ್ದರಿಂದ, 20 ನಡೆದು ಹೋಗುತ್ತಿದ್ದವರಿಗೆ ಗಾಡಿ ಬಡಿದದ್ದರಿಂದ. ಪ್ರಾಣಭಯದ ಗಳಿಗೆಯಲ್ಲಿ ಮೈಯ ಮಾತು ಕೇಳದೆ ಕೂರುವುದನ್ನು ಕಲಿಸಬೇಕು ಎಂದರೆ ಅದಕ್ಕೆ ದಿನ ಕೊಡಬೇಕು, ಸಂಬಳ ಕೊಟ್ಟು ಕಲಿಸಬೇಕು. ಮುನಿಗೆ ದೀಕ್ಷೆ ಕೊಡುವ ಮುಂಚೆ ಎಷ್ಟು ವರ್ಷ ನೋಡುತ್ತಾರೆ ಎಂದು ಮೇಷ್ಟ್ರು ಹೇಳುತ್ತಿದ್ದಾಗ, ಒಂದು ಮಧ್ಯಾಹ್ನದಲ್ಲಿ ಲೈಸೆನ್ಸ್ ಕಾರ್ಡು ಕೊಡುವ ಏಜೆನ್ಸಿಗಳು ನನಗೆ ನೆನಪಾದವು.

ಇಲ್ಲಿ ಮೇಷ್ಟ್ರಿಗೂ ನನಗೂ ಒಂದು ಜಗಳ. ಕುಂದಕುಂದರ ಮಾತಿಗೆ ಇನ್ನೊಂದು ಅರ್ಧ ಇದೆ: ಸಮಿತಿಯಲ್ಲಿ ಎಚ್ಚರವಾಗಿ ನಡೆದವನಿಂದ ಜೀವಹಾನಿ ಆದರೂ ಅಷ್ಟರಿಂದಲೇ ಅವನಿಗೆ ಕರ್ಮಬಂಧವಿಲ್ಲ. ಮುನಿಗೆ ಇದು ಸರಿ. ಆದರೆ ಈ ಅರ್ಧವನ್ನು ಕಂಪನಿಗಳು ಯಾರೂ ಹೇಳಿಕೊಡದೆಯೇ ಕಲಿತಿವೆ. ಎಚ್ಚರವಾಗಿದ್ದೆವು ಎಂಬುದಕ್ಕೆ ಅವರ ಬಳಿ ಸಹಿ ಇದೆ. ಬೆಳಗಿನ ತಪಾಸಣೆಯ ಹಾಳೆ: ಬ್ರೇಕು, ಹಾರ್ನು, ಟೈರು, ಚೈನು, ಹೈಡ್ರಾಲಿಕ್ ಆಯಿಲ್ ಸೋರಿಕೆ, ಫೋರ್ಕಿನ ಸವೆತ. ಫೋರ್ಕಿನ ಬುಡ ಹತ್ತರಲ್ಲಿ ಒಂದು ಪಾಲು ಸವೆದರೆ ಬಿಸಾಡಬೇಕು ಎಂಬುದು ನಿಯಮ. ಅಳೆಯಲು ಕ್ಯಾಲಿಪರ್ ಬೇಕು. ಕ್ಯಾಲಿಪರ್ ಇಲ್ಲದ ಗೋದಾಮಿನಲ್ಲೂ ಆ ಸಾಲಿಗೆ ಸರಿ ಎಂಬ ಗುರುತು ಬಿದ್ದಿರುತ್ತದೆ. ತಿಂಗಳ ಮೂವತ್ತೂ ದಿನದ ಗುರುತು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ. ನನ್ನ ಪ್ರಕಾರ ಗಾಡಿಯ ತಗಡಿನ ಪಟ್ಟಿಯ ಮೇಲೆ ಬಳಿದ ಕುಂಕುಮಕ್ಕೂ ಈ ಗುರುತಿಗೂ ಭೇದವಿಲ್ಲ. ಎರಡೂ ಯಂತ್ರವನ್ನು ನೋಡದೆ ಮುಟ್ಟುವ ರೀತಿ.

"ಹಾಳೆ ತುಂಬೋದು ಸಮಿತಿ ಅಲ್ಲಪ್ಪಾ" ಎಂದರು ಮೇಷ್ಟ್ರು.

"ಕೋರ್ಟಿಗೆ ಅದೇ ಸಮಿತಿ" ಎಂದೆ. ಅವರು ನಕ್ಕು ಸುಮ್ಮನಾದರು. ಆ ಮಾತು ಅಲ್ಲಿಗೇ ನಿಂತಿದೆ.

ಆದರೆ ತಪಾಸಣೆಯ ಬಗ್ಗೆ ನನಗೆ ಮೀಮಾಂಸಕರಲ್ಲಿ ಒಂದು ಸಮಾಧಾನ ಸಿಕ್ಕಿದೆ. ಅವರು ಸಂಧ್ಯಾವಂದನೆಯಂಥದ್ದನ್ನು ನಿತ್ಯಕರ್ಮ ಎನ್ನುತ್ತಾರೆ. ಅದನ್ನು ಮಾಡಿದ್ದಕ್ಕೆ ಸ್ವರ್ಗ ಗಿರ್ಗ ಯಾವ ಫಲವೂ ಇಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯ ದೋಷ. ಶಂಕರಾಚಾರ್ಯರು ಇದನ್ನು ಒಪ್ಪಲಿಲ್ಲ. ಮಾಡದಿರುವುದು ಎಂದರೆ ಇಲ್ಲದಿರುವುದು, ಇಲ್ಲದ್ದರಿಂದ ದೋಷವೆಂಬ ಇರುವ ವಸ್ತು ಹೇಗೆ ಹುಟ್ಟೀತು ಎಂದು ಕೇಳಿದರು. ತರ್ಕದಲ್ಲಿ ಅವರನ್ನು ಗೆಲ್ಲುವವನು ನಾನಲ್ಲ. ಆದರೆ ಬಿಗಿಯದ ಬೋಲ್ಟಿನಿಂದ, ಹಾಕದ ಗ್ರೀಸಿನಿಂದ, ಕೂಗದ ಬಜರಿನಿಂದ ಏನು ಹುಟ್ಟುತ್ತದೆ ಎಂದು ನೋಡಿದವನು. ಹಾಗಾಗಿ ಈ ಒಂದು ವಿಷಯದಲ್ಲಿ ಮೀಮಾಂಸಕರ ಪಕ್ಷ. ಆಯುಧಪೂಜೆ ನೈಮಿತ್ತಿಕ, ವರ್ಷಕ್ಕೊಮ್ಮೆ, ಹಾರ ಉಂಟು, ಸಿಹಿ ಉಂಟು, ಮಾಲೀಕರ ಭಾಷಣವೂ ಉಂಟು. ಬೆಳಗಿನ ಹತ್ತು ನಿಮಿಷದ ತಪಾಸಣೆಗೆ ಏನೂ ಇಲ್ಲ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಆಗದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ. ನಮ್ಮ ಜನಕ್ಕೆ ಭಕ್ತಿ ಇಲ್ಲ ಎಂದು ನಾನು ಹೇಳುವುದಿಲ್ಲ. ನಿಮಿತ್ತಕ್ಕೆ ಸುರಿದ ಭಕ್ತಿಯಲ್ಲಿ ನೂರರಲ್ಲಿ ಒಂದು ಪಾಲು ನಿತ್ಯಕ್ಕೆ ಬಂದರೆ ಸಾಕು.

ಈಗಿನ ದೊಡ್ಡ ಗೋದಾಮುಗಳಲ್ಲಿ ಪೆನ್ನಿನ ಕಾಟವಿಲ್ಲ. ಗಾಡಿಗೇ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಆಪರೇಟರ್ ತನ್ನ ನಂಬರು ಒತ್ತಿದರೆ ಮಾತ್ರ ಚಾಲೂ ಆಗುತ್ತದೆ. ಎಷ್ಟು ವೇಗ ಹೋದ, ಎಲ್ಲಿ ಗುದ್ದಿದ, ಬೆಲ್ಟು ಹಾಕಿದನೋ ಇಲ್ಲವೋ ಎಲ್ಲವೂ ದಾಖಲು. ಹುಡುಗರು ಅದಕ್ಕೆ ಚಿತ್ರಗುಪ್ತ ಎಂದು ಹೆಸರಿಟ್ಟಿದ್ದರು. ಒಳ್ಳೆಯ ಹೆಸರು, ಒಳ್ಳೆಯ ಪೆಟ್ಟಿಗೆಯೂ ಹೌದು. ಗಾಡಿಗಳ ವೇಗ ಅದರಿಂದ ಇಳಿದದ್ದನ್ನು ನಾನೇ ಕಂಡಿದ್ದೇನೆ. ಆದರೆ ಈ ಚಿತ್ರಗುಪ್ತ ಸೀಟಿನಲ್ಲಿ ಕೂತವನ ಲೆಕ್ಕ ಮಾತ್ರ ಬರೆಯುತ್ತಾನೆ. ಮೂರನೆಯ ತಿಂಗಳು ಸರ್ವಿಸ್ ಮುಂದಕ್ಕೆ ಹಾಕಿದ್ದು ಯಾರು, ಎರಡನೆಯ ಶಿಫ್ಟಿಗೂ ಅವನನ್ನೇ ನಿಲ್ಲಿಸಿದ್ದು ಯಾರು, ಗಂಟೆಯ ಪ್ಯಾಲೆಟ್ ಲೆಕ್ಕ ಏರಿಸಿದ್ದು ಯಾರು, ಆ ಪುಟ ಅವನ ಬಳಿ ಇಲ್ಲ.

ಜೈನರ ಬಳಿ ಇದೆ. ಮೇಷ್ಟ್ರು ಜಪಮಣಿ ತೆಗೆದು ಬೆರಳಲ್ಲಿ ಎಣಿಸುತ್ತಾ ವಿವರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕೃತ್ಯಕ್ಕೆ ಮೂರು ಮೆಟ್ಟಿಲು: ಮಾಡುವ ಸಂಕಲ್ಪ, ಅದಕ್ಕೆ ಬೇಕಾದ ಸಿದ್ಧತೆ, ಶುರು ಮಾಡುವುದು. ಪ್ರತಿಯೊಂದೂ ಮನಸ್ಸಿನಿಂದ, ಮಾತಿನಿಂದ, ಮೈಯಿಂದ, ಒಂಬತ್ತಾಯಿತು. ಪ್ರತಿಯೊಂದನ್ನೂ ತಾನೇ ಮಾಡಬಹುದು, ಬೇರೆಯವರಿಂದ ಮಾಡಿಸಬಹುದು, ಮಾಡಿದ್ದನ್ನು ಒಪ್ಪಬಹುದು, ಇಪ್ಪತ್ತೇಳಾಯಿತು. ಅದಕ್ಕೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯ, 108. ಕೃತ, ಕಾರಿತ, ಅನುಮೋದಿತ ಮೂರಕ್ಕೂ ಬಂಧ ಉಂಟು. ಆ ಗೋದಾಮಿಗೆ ಇದನ್ನು ಹಚ್ಚಿದೆ. ಗಾಡಿ ಹಿಂದಕ್ಕೆ ಬಿಟ್ಟವನು ಕೃತ. ನಿಲ್ಲಿಸಿಕೊಂಡ ಸೂಪರ್‌ವೈಸರ್ ಕಾರಿತ. ಕೀಂಕೀಂ ತಾಳಲಾರದೆ ದೂರಿದ ಆಫೀಸಿನವರು, ಬಜರಿಲ್ಲದ ಗಾಡಿ ದಿನವೂ ಕಣ್ಣೆದುರು ಓಡಾಡುತ್ತಿದ್ದರೂ ಸುಮ್ಮನಿದ್ದವರು ಅನುಮೋದಿತ. ನಾಳೆಯೇ ಮನೆಬಾಗಿಲಿಗೆ ಬರಲಿ ಎಂದು ಬಟನ್ ಒತ್ತಿದವರು? ಅವರನ್ನೂ ಸೇರಿಸಬೇಕೇ ಎಂದು ಕೇಳಿದೆ. ಮೇಷ್ಟ್ರು ಮಣಿ ಸರಿಸುತ್ತಾ, "ಗೊತ್ತಿದ್ದು ಒತ್ತಿದರೆ" ಎಂದರು.

ಗೃಹಸ್ಥನಿಗೆ ಒಂದು ವಿನಾಯಿತಿ ಇದೆ ಎಂದೂ ಅವರು ಹೇಳದೆ ಬಿಡಲಿಲ್ಲ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ ಅವನಿಗೂ ನಿಷಿದ್ಧ. ಆದರೆ ಉಳುವವನಿಗೆ, ವ್ಯಾಪಾರಿಗೆ, ಕಸುಬಿನವನಿಗೆ ಕೆಲಸದಲ್ಲಿ ತಪ್ಪಿಸಲಾಗದ ಉದ್ಯೋಗೀ ಹಿಂಸೆ ಇದ್ದೇ ಇರುತ್ತದೆ, ಅದನ್ನು ಕಡಿಮೆ ಮಾಡಿಕೊಳ್ಳಬೇಕು ಅಷ್ಟೆ. ಕಾಫಿ ತೋಟದವರು, ಚಹಾದವರು, ನಾನು, ಎಲ್ಲರೂ ಉಸಿರಾಡುತ್ತಿರುವುದು ಈ ವಿನಾಯಿತಿಯಲ್ಲೇ. ಇದನ್ನು ಕೇಳಿದರೆ ಮಾಲೀಕರಿಗೆ ಸಂತೋಷವಾಗುತ್ತದೆ ಎಂದು ನನಗೆ ಗೊತ್ತು. ಆದರೆ ನೇಗಿಲ ಕೆಳಗೆ ಹುಳ ಸಿಕ್ಕಿದ್ದನ್ನು ತಪ್ಪಿಸಲಾಗುವುದಿಲ್ಲ. ಕಿತ್ತ ವೈರನ್ನು ಸೇರಿಸಲು ಒಂದು ಟೇಪು ಸಾಕು. ಸೇರಿಸಬಹುದೆಂದು ತಿಳಿದೂ ಬಿಟ್ಟ ಮೇಲೆ ಅದು ಉದ್ಯೋಗೀ ಹಿಂಸೆಯಾಗಿ ಉಳಿಯಿತೇ, ಸಂಕಲ್ಪೀ ಆಯಿತೇ? ಮೇಷ್ಟ್ರು ಇದಕ್ಕೆ ಕೂಡಲೇ ಉತ್ತರ ಹೇಳಲಿಲ್ಲ. ಪುಲಿಯಾರ್‌ಮಲೆಯ ಅನಂತನಾಥ ಬಸದಿಗೆ ಹೋದಾಗ ತಿಳಿದವರನ್ನು ಕೇಳುತ್ತೇನೆ ಎಂದರು.

ಮೊನ್ನೆ ಇಲ್ಲಿನ ಒಂದು ಕಾರ್ಖಾನೆಗೆ ಬ್ಯಾಟರಿಯ ಫೋರ್ಕ್‌ಲಿಫ್ಟ್ ಬಾಡಿಗೆಗೆ ತರುವ ಮಾತಾಯಿತು. ಗಾಡಿ ಕೊಯಮತ್ತೂರಿನವರದು, ಆಪರೇಟರ್ ಗುತ್ತಿಗೆದಾರನ ಕಡೆಯವನು, ನೆಲ ಕಾರ್ಖಾನೆಯದು. ಒಪ್ಪಂದದ ಕರಡನ್ನು ನನಗೂ ಓದಲು ಕೊಟ್ಟರು. ಬಾಡಿಗೆ, ಬ್ಯಾಟರಿ ಚಾರ್ಜಿನ ಕರೆಂಟು ಬಿಲ್ಲು, ಗುದ್ದಿ ಹಾಳಾದರೆ ದಂಡ, ಎಲ್ಲಕ್ಕೂ ಕಲಮು ಇದೆ. ಬ್ರೇಕು ಮತ್ತು ಬಜರು ದಿನವೂ ಯಾರು ನೋಡಬೇಕು ಎಂಬಲ್ಲಿ ಸಂಬಂಧಪಟ್ಟವರು ಎಂದು ಬರೆದಿತ್ತು. ನಾನು ಅದಕ್ಕೆ ಗೆರೆ ಎಳೆದು, ಮೂರು ಖಾನೆ ಹಾಕಿ ವಾಪಸ್ ಕಳಿಸಿದ್ದೇನೆ: ನೋಡುವವನ ಹೆಸರು, ನೋಡಲು ಅವನಿಗೆ ಸಮಯ ಕೊಡುವವನ ಹೆಸರು, ಸರಿಯಿಲ್ಲ ಎಂದು ಅವನು ಹೇಳಿದಾಗ ಗಾಡಿ ನಿಲ್ಲಿಸಲು ಒಪ್ಪುವವನ ಹೆಸರು. ಮೊದಲ ಖಾನೆ ತುಂಬಿ ಬಂದಿದೆ. ಉಳಿದೆರಡರ ಬಗ್ಗೆ ಮಾಲೀಕರು ವಕೀಲರನ್ನು ಕೇಳುತ್ತಿದ್ದಾರಂತೆ.